ಬೈನಾಕ್ಯುಲರ್ ಸಾಕೋ, ಟೆಲಿಸ್ಕೋಪ್ ಬೇಕೋ? ಕಾರವಾರ, ಶಿರಸಿಯ ಆಕಾಶಕ್ಕೆ ಒಂದು ಹೋಲಿಕೆ

ಮಳೆ ಹಿಂದೆ ಸರಿದು ದೀಪಾವಳಿ ಹತ್ತಿರವಾದಂತೆ ಪ್ರಶ್ನೆಗಳು ಶುರುವಾಗುತ್ತವೆ. "ಮಗಳು ಎಂಟನೇ ತರಗತಿ. ನಕ್ಷತ್ರ, ಗ್ರಹ ಅಂದರೆ ಪ್ರಾಣ. ಹತ್ತು ಸಾವಿರದ ಒಳಗೆ ಏನು ಕೊಡಿಸಲಿ?" ಅಂತ ಅಂಕೋಲೆಯ ಕಡೆಯಿಂದ ಒಬ್ಬರು ಕೇಳುತ್ತಾರೆ. ಸಿದ್ದಾಪುರದ ಮಾಸ್ತರರಿಗೆ ಶಾಲೆಗೆ ಯಾವುದು ತರಿಸಬೇಕು ಎಂಬ ಯೋಚನೆ. ಕಾರವಾರದವರ ಚಿಂತೆ ಇನ್ನೊಂದು: ಕಡಲ ಪಕ್ಕದ ಮನೆ, ಲೆನ್ಸು ಉಳಿಯುತ್ತದಾ?

ಆನ್‌ಲೈನ್‌ನಲ್ಲಿ ಸಿಗುವ ಸಲಹೆಗಳು ಹೆಚ್ಚಿನವು ಒಣ ಹವೆಯ ದೇಶದವರು ಬರೆದದ್ದು. ಅಲ್ಲಿ ಧ್ರುವ ನಕ್ಷತ್ರ ಆಕಾಶದ ಅರ್ಧ ಎತ್ತರದಲ್ಲಿರುತ್ತದೆ, ಉಪ್ಪುಗಾಳಿ ಇರುವುದಿಲ್ಲ, ನಾಲ್ಕು ತಿಂಗಳ ಮಳೆಯೂ ಇಲ್ಲ. ನಮ್ಮ ಜಿಲ್ಲೆಗೆ ಆ ಸಲಹೆ ಅರ್ಧಂಬರ್ಧ ಮಾತ್ರ ಹೊಂದುತ್ತದೆ. ಹಾಗಾಗಿ ನಮ್ಮ ಅಂಗಳದಲ್ಲಿ ನಿಂತು ಲೆಕ್ಕ ಹಾಕೋಣ.

ಮೊದಲು, ಏನು ನೋಡಬೇಕು?

ಬೆಲೆಯ ಮಾತು ಆಮೇಲೆ. ನಕ್ಷತ್ರ, ಗ್ರಹ, ಉಪಗ್ರಹ ಹುಟ್ಟಿದ ಕಥೆಯಲ್ಲಿ ಯಾವ ಭಾಗ ನಿಮ್ಮ ಕಣ್ಣಿಗೆ ಬೀಳಬೇಕು ಅಂತ ತೀರ್ಮಾನಿಸಿ. ಯಾಕೆಂದರೆ ಒಂದೊಂದು ಭಾಗ ಒಂದೊಂದು ಉಪಕರಣಕ್ಕೆ ಒಲಿಯುತ್ತದೆ.

ಕಥೆ ಹೀಗಿದೆ. ಆಕಾಶದಲ್ಲಿ ತಣ್ಣಗಿನ ಅನಿಲ ಮತ್ತು ದೂಳಿನ ದೊಡ್ಡ ಮೋಡಗಳಿವೆ. ಹೆಚ್ಚಿನ ಪಾಲು ಹೈಡ್ರೋಜನ್, ಆಮೇಲೆ ಹೀಲಿಯಂ, ಅಲ್ಪಸ್ವಲ್ಪ ಇಂಗಾಲ, ಆಮ್ಲಜನಕ, ಸಿಲಿಕಾನ್, ಕಬ್ಬಿಣ. ಮೋಡದ ಒಂದು ತುಂಡು ತನ್ನದೇ ಗುರುತ್ವದಿಂದ ಕುಸಿಯುತ್ತದೆ. ಕುಸಿದಂತೆ ತಿರುಗುವ ವೇಗ ಜಾಸ್ತಿಯಾಗುತ್ತದೆ. ಸುತ್ತಲಿನ ಅನಿಲ, ದೂಳು ಕಾವಲಿ ಮೇಲಿನ ದೋಸೆಯ ಹಾಗೆ ಚಪ್ಪಟೆಯಾಗಿ ಹರಡುತ್ತದೆ. ನಡುವಿನ ಉಂಡೆಯ ಒಳಗೆ ಶಾಖ ಸುಮಾರು 1 ಕೋಟಿ ಡಿಗ್ರಿ ಮುಟ್ಟಿದಾಗ ಹೈಡ್ರೋಜನ್ ಬೆಸೆದು ಹೀಲಿಯಂ ಆಗಲು ಶುರು. ಅಲ್ಲಿಗೆ ನಕ್ಷತ್ರ ಹುಟ್ಟಿತು. ಸುತ್ತಲಿನ ತಟ್ಟೆಯಲ್ಲಿ ದೂಳಿಗೆ ದೂಳು ಅಂಟಿ ಕಲ್ಲು, ಕಲ್ಲುಗಳು ಸೇರಿ ಗ್ರಹ. ಗುರುವಿನಂಥ ದೊಡ್ಡ ಗ್ರಹದ ಸುತ್ತ ಮತ್ತೊಂದು ಚಿಕ್ಕ ತಟ್ಟೆ, ಅದರಲ್ಲಿ ಉಪಗ್ರಹಗಳು. ನಮ್ಮ ಸೂರ್ಯ ಮತ್ತು ಗ್ರಹಗಳಿಗೆ ಇದೆಲ್ಲ ಆಗಿದ್ದು ಸುಮಾರು 460 ಕೋಟಿ ವರ್ಷಗಳ ಹಿಂದೆ.

ಈ ಕಥೆಯ ಪುಟಗಳು ನಮ್ಮ ಚಳಿಗಾಲದ ಆಕಾಶದಲ್ಲೇ ತೆರೆದಿವೆ. ಮಹಾವ್ಯಾಧ, ಅಂದರೆ ಒರಾಯನ್, ಅದರ ಮೂರು ಸಾಲು ನಕ್ಷತ್ರಗಳ ಕೆಳಗೆ ನೇತಾಡುವ ಖಡ್ಗದಲ್ಲಿ ಒಂದು ಮಬ್ಬು ಚುಕ್ಕೆ ಇದೆ. ಅದೇ ಒರಾಯನ್ ನೆಬ್ಯುಲಾ, ಅಂದರೆ ಅಂಥದ್ದೇ ಒಂದು ಅನಿಲ ದೂಳಿನ ಮೋಡ, ಸುಮಾರು 1,300 ಜ್ಯೋತಿರ್ವರ್ಷ ದೂರ. ಅಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ಪಕ್ಕದ ವೃಷಭದಲ್ಲಿ ಕೃತ್ತಿಕೆಯ ಗುಂಪು. ಅವುಗಳ ವಯಸ್ಸು ಸುಮಾರು 10 ಕೋಟಿ ವರ್ಷ. ಅವು ಹುಟ್ಟುವಾಗ ಭೂಮಿಯ ಮೇಲೆ ಡೈನೋಸಾರ್‌ಗಳಿದ್ದವು. ಮುದುಕರೂ ಇದ್ದಾರೆ. ಆರ್ದ್ರಾ ಮಳೆ ಅಂತ ನಾವು ಎಣಿಸುತ್ತೇವಲ್ಲ, ಆ ಆರ್ದ್ರಾ ನಕ್ಷತ್ರ ಉಬ್ಬಿ ಕೆಂಪಾಗಿದೆ. ಖಗೋಳದ ಲೆಕ್ಕದಲ್ಲಿ ಬೇಗನೇ ಸಿಡಿಯಲಿದೆ. ಇಂಥ ಸಿಡಿತಗಳಿಂದಲೇ ಮೋಡಗಳಿಗೆ ಆಮ್ಲಜನಕ, ಕಬ್ಬಿಣ ಸೇರುತ್ತವೆ. ಬೇಲೆಕೇರಿ ಬಂದರಿನಿಂದ ಹಡಗು ಹತ್ತಿದ ಅದಿರಿನ ಕಬ್ಬಿಣವೂ, ನಮ್ಮ ರಕ್ತದ ಕಬ್ಬಿಣವೂ ಸೂರ್ಯನಿಗಿಂತ ಹಳೆಯದು. ಕೈಗಾದಲ್ಲಿ ಸೀಳುವ ಯುರೇನಿಯಂ ಕೂಡ ಹಾಗೇ. ಸೂರ್ಯ ಹುಟ್ಟುವ ಮೊದಲೇ ಯಾವುದೋ ನಕ್ಷತ್ರದ ಕೊನೆಗಾಲದ ಉತ್ಪಾತದಲ್ಲಿ ಅದು ತಯಾರಾಗಿತ್ತು.

ಉಳಿದ ಅಳತೆಗೋಲುಗಳು

ಎರಡನೆಯದು ಹವೆ. ಕಾರವಾರದಿಂದ ಭಟ್ಕಳದವರೆಗೆ ಉಪ್ಪು ಮತ್ತು ತೇವ, ಶಿರಸಿ ಯಲ್ಲಾಪುರದ ಕಡೆ ಮಂಜು ಮತ್ತು ಇಬ್ಬನಿ. ಎರಡೂ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಉಪಕರಣ ಪೆಟ್ಟಿಗೆಯಲ್ಲೇ ಇರುತ್ತದೆ, ಅಲ್ಲೇ ಬೂಸ್ಟು ಹಿಡಿಯುವುದು. ಕ್ಯಾಮೆರಾ ಇಟ್ಟುಕೊಂಡವರಿಗೆ ಲೆನ್ಸಿನ ಫಂಗಸ್ ಏನು ಅಂತ ಹೇಳಬೇಕಾಗಿಲ್ಲ.

ಮೂರನೆಯದು ಎಷ್ಟು ಆಕಾಶ ಕಾಣುತ್ತದೆ ಎಂಬುದು. ಕಡಲ ತೀರದಲ್ಲಿ ಪಶ್ಚಿಮ ಪೂರ್ತಿ ತೆರೆದಿದೆ. ಸಂಜೆಯ ಶುಕ್ರ, ಬುಧ ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಕಾರವಾರ ಪೇಟೆಯ, ಬಂದರಿನ ಬೆಳಕು ಮಬ್ಬು ಮೋಡಗಳನ್ನು ನುಂಗಿ ಹಾಕುತ್ತದೆ. ಶಿರಸಿಯ ಹಳ್ಳಿಮನೆಯಲ್ಲಿ ಕತ್ತಲೆಗೆ ಬರವಿಲ್ಲ, ಆಕಾಶಕ್ಕೆ ಬರ. ಮೂರು ದಿಕ್ಕಿಗೂ ತೋಟ, ಬೆಟ್ಟ. ತಲೆಯ ಮೇಲಿನ ತುಂಡು ಬಿಟ್ಟರೆ ಅಡಕೆ ಹೆಡೆಗಳೇ ಕಾಣುತ್ತವೆ. ಅಂಥ ಮನೆಗೆ ಎತ್ತಿಕೊಂಡು ಬೇಣಕ್ಕೋ, ಕೊಯ್ಲು ಮುಗಿದ ಗದ್ದೆಗೋ ಹೋಗಲು ಆಗುವಂಥದ್ದೇ ಬೇಕು. ಅಡಕೆ ಒಣಗಿಸುವ ಅಟ್ಟ ಇದ್ದರೆ ಇನ್ನೂ ಒಳ್ಳೆಯದು, ಆದರೆ ಮೇಲೆ ಯಾರಾದರೂ ನಡೆದಾಡಿದರೆ ಅಟ್ಟದ ಜೊತೆ ಟೆಲಿಸ್ಕೋಪೂ ಅಲುಗುತ್ತದೆ.

ನಾಲ್ಕನೆಯದು ಯಾರು ಬಳಸುತ್ತಾರೆ ಎಂಬುದು. ಒಬ್ಬ ಹುಡುಗಿಯೋ, ಇಡೀ ತರಗತಿಯೋ? ಐದನೆಯದು ದುಡ್ಡು. ಕೆಳಗೆ ಹೇಳುವ ಬೆಲೆಗಳು ಅಂದಾಜಿನವು, ಏರಿಳಿತ ಇದ್ದೇ ಇರುತ್ತದೆ. ಯಾವುದನ್ನೇ ಕೊಂಡರೂ ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್‌ಗೆ ಸ್ವಲ್ಪ ಹಣ ಎತ್ತಿಡಿ.

ಏನೂ ಕೊಳ್ಳದೆ ನೋಡುವುದು

ಇದನ್ನು ಯಾರೂ ಆಯ್ಕೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾನು ಹಿಡಿಯುತ್ತೇನೆ. ಕಥೆಯ ಮುಖ್ಯ ಸಾಕ್ಷಿಯೊಂದು ಬರಿಗಣ್ಣಿಗೇ ಕಾಣುತ್ತದೆ.

ಶುಕ್ರ, ಮಂಗಳ, ಗುರು, ಶನಿ, ಚಂದ್ರ ಎಲ್ಲ ಆಕಾಶದಲ್ಲಿ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಓಡಾಡುತ್ತವೆ. ಸೂರ್ಯನ ದಾರಿಯೂ ಅದೇ. ಪಂಚಾಂಗದ ರಾಶಿಗಳು ಇರುವುದು ಅದೇ ದಾರಿಯಲ್ಲಿ. ಗ್ರಹಗಳು ಬೇರೆ ಬೇರೆ ಕಡೆ ಹುಟ್ಟಿ ಆಮೇಲೆ ಸೂರ್ಯನ ಹತ್ತಿರ ಬಂದಿದ್ದರೆ ಉತ್ತರ, ದಕ್ಷಿಣ ಅಂತ ಎಲ್ಲೆಂದರಲ್ಲಿ ಕಾಣಬೇಕಿತ್ತು. ಒಂದೇ ಗೆರೆಯಲ್ಲಿ ಇವೆ ಅಂದರೆ ಒಂದೇ ಚಪ್ಪಟೆ ತಟ್ಟೆಯಲ್ಲಿ ಹುಟ್ಟಿವೆ ಎಂದೇ ಅರ್ಥ. ಒಂದು ಚಳಿಗಾಲ ಪೂರ್ತಿ ಗ್ರಹಗಳ ಜಾಗವನ್ನು ನಕ್ಷೆಯಲ್ಲಿ ಗುರುತು ಹಾಕುತ್ತಾ ಹೋದರೆ ಹೈಸ್ಕೂಲ್ ಮಕ್ಕಳಿಗೂ ಇದು ಕಂಡುಬಿಡುತ್ತದೆ. ಖರ್ಚು ಒಂದು ನೋಟ್‌ಬುಕ್, ಮೊಬೈಲಿನಲ್ಲಿ ಉಚಿತವಾಗಿ ಸಿಗುವ ನಕ್ಷತ್ರ ನಕ್ಷೆ.

ಈ ಕೆಲಸ ಮಾಡಿದವರ ಕೈಗೆ ಟೆಲಿಸ್ಕೋಪ್ ಬಂದರೆ ಅದನ್ನು ಎಲ್ಲಿಗೆ ತಿರುಗಿಸಬೇಕು ಅಂತ ಗೊತ್ತಿರುತ್ತದೆ. ನೇರವಾಗಿ ಟೆಲಿಸ್ಕೋಪ್ ಕೊಂಡ ಎಷ್ಟೋ ಮನೆಗಳಲ್ಲಿ ಅದು ಚಂದ್ರನನ್ನು ನಾಲ್ಕು ದಿನ ನೋಡಿ ಅಟ್ಟ ಸೇರುತ್ತದೆ. ಮಗುವಿನ ಆಸಕ್ತಿ ಎಷ್ಟು ದಿನದ್ದು ಅಂತ ಗೊತ್ತಿಲ್ಲದಿದ್ದರೆ ಈ ವರ್ಷ ಇಷ್ಟೇ ಮಾಡಿ. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ತಾರಾಲಯ ಇದೆ. ಒಂದು ದಿನ ಹೋಗಿ ಬಂದರೆ ಆಸಕ್ತಿಯ ಅಂದಾಜೂ ಸಿಗುತ್ತದೆ.

ಬೈನಾಕ್ಯುಲರ್

ಹೆಚ್ಚಿನ ಮನೆಗಳಿಗೆ ನಾನು ಹೇಳುವುದು ಇದನ್ನೇ. 10x50 ಅಂದರೆ 10 ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಲೆನ್ಸಿನ ಅಗಲ 50 ಮಿಲಿಮೀಟರ್. ಕತ್ತಲಲ್ಲಿ ಪೂರ್ತಿ ಹಿಗ್ಗಿದ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್. ಹಾಗಾಗಿ ಒಂದೊಂದು ಲೆನ್ಸೂ ಕಣ್ಣಿಗಿಂತ 50 ಪಟ್ಟು ಬೆಳಕು ಹಿಡಿಯುತ್ತದೆ. ಒಳ್ಳೆಯ ಕಂಪನಿಯದ್ದು 6ರಿಂದ 12 ಸಾವಿರ ರೂಪಾಯಿಗೆ ಸಿಗುತ್ತದೆ.

ಕೃತ್ತಿಕೆಯನ್ನು ನೋಡಲು ಇದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ದೊಡ್ಡ ಟೆಲಿಸ್ಕೋಪಿನಲ್ಲಿ ಆ ಗುಂಪು ಹಿಡಿಸುವುದೇ ಇಲ್ಲ, ಚದುರಿಹೋಗುತ್ತದೆ. ಒರಾಯನ್ ನೆಬ್ಯುಲಾ ಮಂಜಿನ ಚಿಕ್ಕ ತುಣುಕಾಗಿ ಕಾಣುತ್ತದೆ. ಗೋಡೆಗೋ, ಮೆಟ್ಟಿಲ ಕಂಬಕ್ಕೋ ಮೊಣಕೈ ಊರಿ ಹಿಡಿದರೆ ಗುರುವಿನ ಪಕ್ಕ ನಾಲ್ಕು ಚುಕ್ಕೆಗಳು: ಅಯೋ, ಯೂರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೋ. 1610ರ ಜನವರಿಯಲ್ಲಿ ಗೆಲಿಲಿಯೋ ನೋಡಿದ್ದು ಇವನ್ನೇ. ಅವೂ ಒಂದೇ ಗೆರೆಯಲ್ಲಿ ನಿಂತಿರುತ್ತವೆ, ಗಮನಿಸಿ. ಸೂರ್ಯನ ಸುತ್ತಲಿನ ತಟ್ಟೆಯಲ್ಲಿ ಗ್ರಹಗಳು ಹುಟ್ಟಿದಂತೆ ಗುರುವಿನ ಸುತ್ತಲಿನ ತಟ್ಟೆಯಲ್ಲಿ ಇವು ಹುಟ್ಟಿವೆ. ಇಡೀ ಸೌರಮಂಡಲದ ಕಥೆ ಚಿಕ್ಕದಾಗಿ ಒಂದೇ ನೋಟಕ್ಕೆ ಸಿಗುತ್ತದೆ. ನನಗೆ ಆಕಾಶದಲ್ಲಿ ಅತ್ಯಂತ ಇಷ್ಟವಾದ ನೋಟ ಇದು.

ಭೂಮಿಯ ಆಚೆಯ ಜೀವದ ಬಗ್ಗೆ ಯೋಚಿಸುವವರಿಗೂ ಬೈನಾಕ್ಯುಲರ್‌ನಲ್ಲಿ ಒಂದು ಗುರಿ ಇದೆ. 51 ಪೆಗಾಸಿ ಎಂಬ ನಕ್ಷತ್ರ, ಸುಮಾರು 50 ಜ್ಯೋತಿರ್ವರ್ಷ ದೂರ. ಸೂರ್ಯನಂಥ ನಕ್ಷತ್ರದ ಸುತ್ತ ಗ್ರಹ ಮೊದಲು ಪತ್ತೆಯಾದದ್ದು ಅಲ್ಲೇ, 1995ರಲ್ಲಿ. ಪತ್ತೆ ಮಾಡಿದ ಮಿಶೆಲ್ ಮೇಯೋರ್ ಮತ್ತು ಡಿಡಿಯೆ ಕ್ವೆಲೋ ಅವರಿಗೆ 2019ರಲ್ಲಿ ನೊಬೆಲ್ ಬಂತು. ಇಂಥ ಹೊರಗ್ರಹಗಳ ಲೆಕ್ಕ ಈಗ 6,000 ದಾಟಿದೆ. ಗ್ರಹ ಕಾಣುವುದಿಲ್ಲ. ಅದರ ಸೂರ್ಯ ಕಾಣುತ್ತದೆ.

ಕೊರತೆಗಳೂ ಇವೆ. ಶನಿಯ ಉಂಗುರ ಇದರಲ್ಲಿ ಬಿಡಿಸಿ ಕಾಣುವುದಿಲ್ಲ. ಚಂದ್ರನ ದೊಡ್ಡ ಕುಳಿಗಳು ಕಾಣುತ್ತವೆ, ಅವುಗಳ ಒಳಗಿನ ವಿವರ ಇಲ್ಲ. ಕೈ ನಡುಗುತ್ತದೆ. 12x, 20x ಕೈಯಲ್ಲಿ ಹಿಡಿದು ನೋಡುವುದು ಇನ್ನೂ ಕಷ್ಟ, ಅವು ಬೇಡ. ವಯಸ್ಸಾದವರಿಗೆ, ಚಿಕ್ಕ ಮಕ್ಕಳಿಗೆ 8x40 ಹಗುರ. ನಮ್ಮ ಹವೆಯಲ್ಲಿ ಇದರ ದೊಡ್ಡ ಗುಣ ಮುಚ್ಚಿದ ದೇಹ. ವಾಟರ್‌ಪ್ರೂಫ್, ಒಳಗೆ ನೈಟ್ರೋಜನ್ ತುಂಬಿದ್ದು ಅಂತ ಬರೆದಿದ್ದರೆ ಒಂದೆರಡು ಸಾವಿರ ಹೆಚ್ಚು ಕೊಟ್ಟರೂ ಲಾಭವೇ. ಆಕಾಶ ಮೋಡವಾದ ದಿನ ಹಕ್ಕಿ ನೋಡಲು ಆಗುತ್ತದೆ. ಬಳಸದೆ ಉಳಿಯುವ ಭಯ ಇಲ್ಲ.

70 ಮಿಲಿಮೀಟರ್ ಲೆನ್ಸ್ ಟೆಲಿಸ್ಕೋಪ್

8ರಿಂದ 15 ಸಾವಿರದ ಒಳಗೆ ನಿಜವಾದ ಟೆಲಿಸ್ಕೋಪ್ ಅಂದರೆ ಇದು. ಕಣ್ಣಿನ 100 ಪಟ್ಟು ಬೆಳಕು. ಫೋಕಲ್ ಲೆಂತ್, ಅಂದರೆ ಲೆನ್ಸಿನಿಂದ ಚಿತ್ರ ಮೂಡುವ ಜಾಗದ ತನಕದ ದೂರ, 700 ಮಿಮೀ ಇದ್ದರೆ 25 ಮಿಮೀ ಐಪೀಸಿನಲ್ಲಿ (ಕಣ್ಣಿಟ್ಟು ನೋಡುವ ಚಿಕ್ಕ ಲೆನ್ಸು) 28 ಪಟ್ಟು, 10 ಮಿಮೀಯಲ್ಲಿ 70 ಪಟ್ಟು. ಅಷ್ಟರಲ್ಲಿ ಶನಿಯ ಉಂಗುರ ಕಾಣುತ್ತದೆ. ಪಕ್ಕದಲ್ಲೇ ಟೈಟನ್ ಒಂದು ಚುಕ್ಕೆಯಾಗಿ ಕಾಣುತ್ತದೆ. ಅದರ ಮೇಲೆ ಮೀಥೇನಿನ ಕೆರೆಗಳಿವೆ, ದಪ್ಪ ವಾತಾವರಣವಿದೆ. 2005ರಲ್ಲಿ ಹ್ಯೂಜೆನ್ಸ್ ನೌಕೆ ಅಲ್ಲಿ ಇಳಿದಿತ್ತು. ಶುಕ್ರ ಚಂದ್ರನ ಹಾಗೆ ಅರ್ಧವಾಗಿ, ಕುಡುಗೋಲಿನಂತೆ ಬಾಗಿ ಕಾಣುತ್ತದೆ. ಹೆಚ್ಚುಕಡಿಮೆ ಭೂಮಿಯಷ್ಟೇ ದೊಡ್ಡ ಗ್ರಹ ಅದು. ಆದರೆ ಇಂಗಾಲದ ಡೈಆಕ್ಸೈಡ್ ಹೊದಿಕೆಯಿಂದ ಮೇಲ್ಮೈ ಶಾಖ 460 ಡಿಗ್ರಿ ದಾಟಿದೆ. ಒಂದೇ ತಟ್ಟೆಯಲ್ಲಿ ಹುಟ್ಟಿದ ಅಕ್ಕತಂಗಿಯರಲ್ಲಿ ಒಬ್ಬಳ ಮನೆಯಲ್ಲಿ ಜೀವ ಇದೆ, ಇನ್ನೊಬ್ಬಳ ಮನೆಯಲ್ಲಿ ಇಲ್ಲ.

ಈ ಟೆಲಿಸ್ಕೋಪಿನ ನಿಜವಾದ ಬೆಲೆ ತೀರುವುದು ಚಂದ್ರನಲ್ಲಿ ಮತ್ತು ಗುರುವಿನಲ್ಲಿ. ಸುಮಾರು 450 ಕೋಟಿ ವರ್ಷಗಳ ಹಿಂದೆ ಮಂಗಳದಷ್ಟು ದೊಡ್ಡ ಕಾಯವೊಂದು ಎಳೆ ಭೂಮಿಗೆ ಬಡಿದು, ಸಿಡಿದ ಚೂರುಗಳು ಸೇರಿ ಚಂದ್ರ ಆಯಿತು ಎಂಬುದು ಈಗ ಹೆಚ್ಚಿನ ವಿಜ್ಞಾನಿಗಳು ಒಪ್ಪುವ ಮಾತು. ಚಂದ್ರನಲ್ಲಿ ಗಾಳಿ ಮಳೆ ಇಲ್ಲ, ಆಮೇಲಿನ ಪೆಟ್ಟುಗಳ ಗುರುತು ಅಳಿಯಲಿಲ್ಲ. ಹುಣ್ಣಿಮೆಯ ದಿನ ನೋಡಬೇಡಿ, ಎಲ್ಲ ಸಪಾಟಾಗಿ ಕಾಣುತ್ತದೆ. ಶುಕ್ಲಪಕ್ಷದ ಸಪ್ತಮಿ, ಅಷ್ಟಮಿಯ ಸುಮಾರಿಗೆ ಬೆಳಕು ಕತ್ತಲೆಯ ಗಡಿಯಲ್ಲಿ ಕುಳಿಗಳ ನೆರಳು ಉದ್ದಕ್ಕೆ ಬೀಳುತ್ತದೆ. ಆಗ ನೋಡಬೇಕು. ಈ ಚಂದ್ರನೇ ಭೂಮಿಯ ವಾಲಿಕೆ ತೀರಾ ಹೊಯ್ದಾಡದಂತೆ ಹಿಡಿದಿದೆ, ಋತುಗಳು ನೆಟ್ಟಗಿರುವುದಕ್ಕೆ ಅದೂ ಒಂದು ಕಾರಣ.

ಗುರುವಿನ ಉಪಗ್ರಹಗಳಲ್ಲಿ ಒಂದು ಲೆಕ್ಕ ಇದೆ. ಅಯೋ 1.77 ದಿನಕ್ಕೆ ಒಂದು ಸುತ್ತು, ಯೂರೋಪಾ 3.55 ದಿನಕ್ಕೆ, ಗ್ಯಾನಿಮೀಡ್ 7.15 ದಿನಕ್ಕೆ. ಒಂದರ ದುಪ್ಪಟ್ಟು ಇನ್ನೊಂದು. ಹೀಗೆ ತಾಳ ಹಾಕುತ್ತಾ ಒಂದನ್ನೊಂದು ಎಳೆಯುವುದರಿಂದ ಅವುಗಳ ದಾರಿ ಪೂರ್ತಿ ದುಂಡಗಾಗುವುದಿಲ್ಲ. ಗುರುವಿನ ಎಳೆತ ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾಗಿ ಒಳಗಿನ ಬಂಡೆ ಹಿಸುಕಿ ಬಿಸಿಯಾಗುತ್ತದೆ. ಕಾಳಿ ನದಿಯ ಬಾಯಲ್ಲಿ ದಿನಾ ಉಬ್ಬರ ಇಳಿತ ಮಾಡಿಸುವ ಶಕ್ತಿ ಯಾವುದೋ, ಅದೇ. ಅದೇ ಬಿಸಿಯಿಂದ ಅಯೋದಲ್ಲಿ ಜ್ವಾಲಾಮುಖಿಗಳು ಉರಿಯುತ್ತಿವೆ, ಯೂರೋಪಾದ ಮಂಜುಗಡ್ಡೆಯ ಕೆಳಗೆ ಉಪ್ಪುನೀರಿನ ಸಮುದ್ರ ಹೆಪ್ಪುಗಟ್ಟದೆ ಉಳಿದಿದೆ. ಸೂರ್ಯನ ಬಿಸಿಲು ಸಾಲದ ದೂರದಲ್ಲೂ ನೀರು ನೀರಾಗಿರಬಹುದು ಎಂಬುದು ಜೀವ ಹುಡುಕುವವರ ದಿಕ್ಕನ್ನೇ ಬದಲಿಸಿತು. ನಾಸಾದ ಯೂರೋಪಾ ಕ್ಲಿಪ್ಪರ್ ನೌಕೆ 2024ರ ಅಕ್ಟೋಬರ್‌ನಲ್ಲಿ ಹೊರಟಿದೆ, 2030ರಲ್ಲಿ ಗುರುವಿನ ಹತ್ತಿರ ತಲುಪಬೇಕು. ಅಷ್ಟರೊಳಗೆ ನಿಮ್ಮ ಮಗಳು 70 ಮಿಮೀ ಟೆಲಿಸ್ಕೋಪಿನಲ್ಲಿ ಚುಕ್ಕೆಗಳ ಜಾಗ ಬರೆದಿಟ್ಟುಕೊಂಡು 1, 2, 4 ಎಂಬ ಆ ತಾಳವನ್ನು ತಾನೇ ಕಂಡುಹಿಡಿಯಬಹುದು. ಗೊನೆ ಕೊಯ್ಲಿನ ದಿನಗಳಲ್ಲಿ ಅಡಕೆ ಸುಲಿಯಲು ಮನೆಮಂದಿ ರಾತ್ರಿ ಎದ್ದೇ ಇರುತ್ತಾರೆ. ನಡುವೆ ಎರಡು ಸಲ ಅಂಗಳಕ್ಕೆ ಬಂದು ನೋಡಿದರೆ ಆಯಿತು.

ಇದರ ದೌರ್ಬಲ್ಯ ಸ್ಟ್ಯಾಂಡು. ಈ ಬೆಲೆಯಲ್ಲಿ ಕಾಲುಗಳು ತೆಳ್ಳಗೆ, ಕಡಲಗಾಳಿಗೆ ನಡುಗುತ್ತವೆ. ನಡುವಿನ ತಟ್ಟೆಗೆ ಮರಳು ತುಂಬಿದ ಚೀಲ ನೇತುಹಾಕಿದರೆ ಎಷ್ಟೋ ವಾಸಿ. ಹೊಳೆಯುವ ಗ್ರಹದ ಅಂಚಿನಲ್ಲಿ ತೆಳು ನೇರಳೆ ಬಣ್ಣ ಕಾಣುವುದು ಸಹಜ. ಉಪ್ಪುಗಾಳಿಗೆ ಮಾತ್ರ ಇದು ಗಟ್ಟಿ. ಕೊಳವೆ ಮುಚ್ಚಿದೆ, ಕನ್ನಡಿ ಇಲ್ಲ.

ಡಬ್ಬದ ಮೇಲೆ 675 ಪಟ್ಟು ಅಂತ ಬರೆದದ್ದನ್ನು ಕಂಡರೆ ಆ ಡಬ್ಬ ಅಲ್ಲೇ ಬಿಡಿ. ಲೆನ್ಸಿನ ಅಗಲ ಎಷ್ಟು ಮಿಲಿಮೀಟರೋ ಅದರ ಎರಡು ಪಟ್ಟು ತನಕ ಮಾತ್ರ ಚಿತ್ರ ಸರಿಯಾಗಿರುತ್ತದೆ. 70ಕ್ಕೆ 140. ಅದರಾಚೆ ಬರೀ ಮಸುಕು. ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕೆಲವು ಅಗ್ಗದ ಡಬ್ಬಗಳಲ್ಲಿ ಐಪೀಸಿಗೆ ತಿರುಪುವ ಸೂರ್ಯನ ಫಿಲ್ಟರ್ ಇರುತ್ತದೆ. ಅದು ಬಿಸಿಗೆ ಒಡೆದರೆ ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಬಿಸಾಡಿ. ಮುಂಭಾಗವನ್ನು ಪೂರ್ತಿ ಮುಚ್ಚುವ ಸರಿಯಾದ ಫಿಲ್ಟರ್ ಇಲ್ಲದೆ ಬೈನಾಕ್ಯುಲರ್ ಆಗಲಿ, ಟೆಲಿಸ್ಕೋಪ್ ಆಗಲಿ ಸೂರ್ಯನ ಕಡೆ ತಿರುಗಿಸಲೇಬಾರದು.

ಕನ್ನಡಿ ಟೆಲಿಸ್ಕೋಪ್, ಚಿಕ್ಕದು

18ರಿಂದ 30 ಸಾವಿರದ ನಡುವೆ 114 ಅಥವಾ 130 ಮಿಮೀ ಕನ್ನಡಿಯವು ಸಿಗುತ್ತವೆ. ಬೆಳಕು 70 ಮಿಮೀಗಿಂತ ಎರಡೂವರೆ, ಮೂರೂವರೆ ಪಟ್ಟು. ಮೇಜಿನ ಮೇಲೆ ಇಡುವ 130 ಮಿಮೀ, 650 ಫೋಕಲ್ ಲೆಂತ್‌ನದ್ದು ಒಳ್ಳೆಯ ಉಪಕರಣ. ಒಂದು ಗಟ್ಟಿ ಸ್ಟೂಲು ಇದ್ದರೆ ಸಾಕು. ಆದರೆ ಈ ಬೆಲೆಯಲ್ಲೇ ಮೋಸ ಹೋಗುವುದು ಹೆಚ್ಚು. ಕೊಳವೆ ಅರ್ಧ ಮೀಟರ್ ಉದ್ದ, ಫೋಕಲ್ ಲೆಂತ್ ಮಾತ್ರ 1000 ಮಿಮೀ ಅಂತ ಬರೆದಿದ್ದರೆ ಒಳಗೆ ಇನ್ನೊಂದು ಲೆನ್ಸ್ ಸಿಕ್ಕಿಸಿದ್ದಾರೆ ಎಂದೇ ಅರ್ಥ. ಚಿತ್ರ ಚೂಪಾಗಿ ಬರುವುದಿಲ್ಲ, ಕನ್ನಡಿ ಸರಿಹೊಂದಿಸುವುದೂ ಕಷ್ಟ.

ಈಕ್ವಟೋರಿಯಲ್ ಮೌಂಟ್ (ಮೌಂಟ್ ಅಂದರೆ ಕೊಳವೆಯನ್ನು ಹಿಡಿದು ತಿರುಗಿಸುವ ಜೋಡಣೆ) ಜೊತೆಗೆ ಬರುವುದನ್ನು ನಮ್ಮ ಕಡೆಯವರು ಮೊದಲ ಟೆಲಿಸ್ಕೋಪಾಗಿ ತೆಗೆದುಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಅದರ ಒಂದು ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಿ ಇಡಬೇಕು. ಕಾರವಾರದಲ್ಲಿ ಆ ನಕ್ಷತ್ರ ಬಾನಂಚಿನಿಂದ 15 ಡಿಗ್ರಿಯಷ್ಟೇ ಮೇಲೆ. ಶಿರಸಿಯ ಅಂಗಳದಲ್ಲಿ ಅದು ಮರಗಳ ಹಿಂದೆ. ಅಷ್ಟು ಕೆಳಗೆ ಬಗ್ಗಿಸಿದರೆ ತೂಕದ ಕಂಬಿ ಸ್ಟ್ಯಾಂಡಿನ ಕಾಲಿಗೆ ತಾಗುವುದೂ ಉಂಟು. ಮೇಲೆ ಕೆಳಗೆ, ಎಡ ಬಲ ತಿರುಗುವ ಸಾದಾ ಮೌಂಟೇ ಇಲ್ಲಿಗೆ ಸರಿ.

ಡಾಬ್ಸೋನಿಯನ್, 6 ಅಥವಾ 8 ಇಂಚು

ಶಾಲೆಗೆ, ನಾಲ್ಕೈದು ಮನೆಯವರು ಸೇರಿ ಕೊಳ್ಳುವುದಕ್ಕೆ ಇದು. ಅಮೆರಿಕದ ಜಾನ್ ಡಾಬ್ಸನ್ ಎಂಬವರು ಬೀದಿಬದಿಯಲ್ಲಿ ಜನರಿಗೆ ಆಕಾಶ ತೋರಿಸಲು ಬಳಕೆಗೆ ತಂದ ವಿನ್ಯಾಸ. ಉದ್ದ ಕೊಳವೆ, ಕೆಳಗೆ ಕನ್ನಡಿ, ಕೂರಲು ಹಲಗೆಯ ಪೆಟ್ಟಿಗೆ. ಮೋಟಾರು, ಗೇರು ಏನೂ ಇಲ್ಲ. ಪೆಟ್ಟಿಗೆ ಮುರಿದರೆ ಊರಿನ ಆಚಾರಿ ಪ್ಲೈವುಡ್‌ನಲ್ಲಿ ಹೊಸದು ಮಾಡಿಕೊಡುತ್ತಾರೆ. 6 ಇಂಚಿನದ್ದು ಸುಮಾರು 35ರಿಂದ 50 ಸಾವಿರ, 8 ಇಂಚಿನದ್ದು ಅದಕ್ಕೂ ಮೇಲೆ.

6 ಇಂಚು ಅಂದರೆ 150 ಮಿಮೀ, ಕಣ್ಣಿನ 450 ಪಟ್ಟು ಬೆಳಕು. ಒರಾಯನ್ ನೆಬ್ಯುಲಾಕ್ಕೆ ಇದರಲ್ಲಿ ರೆಕ್ಕೆ ಮೂಡುತ್ತದೆ. ನಡುವೆ ಒತ್ತೊತ್ತಾಗಿ ನಾಲ್ಕು ನಕ್ಷತ್ರ, ಟ್ರೆಪೀಜಿಯಂ ಅಂತಾರೆ. ಇಡೀ ಮೋಡವನ್ನು ಬೆಳಗುತ್ತಿರುವುದು ಮುಖ್ಯವಾಗಿ ಅವುಗಳಲ್ಲಿ ಅತಿ ಪ್ರಖರವಾದದ್ದು. ಇದೇ ಜಾಗದಲ್ಲಿ ಹಬಲ್ ದೂರದರ್ಶಕ 1990ರ ದಶಕದಲ್ಲಿ ಎಳೆಯ ನಕ್ಷತ್ರಗಳ ಸುತ್ತ ದೂಳಿನ ತಟ್ಟೆಗಳನ್ನು ಕಂಡಿತು. ನಮ್ಮ ಸೌರಮಂಡಲ ಹುಟ್ಟಿದಾಗ ಇದ್ದಂಥದ್ದೇ ತಟ್ಟೆಗಳು. 2014ರಲ್ಲಿ ಚಿಲಿಯ ಆಲ್ಮಾ ದೂರದರ್ಶಕ ವೃಷಭದ ಎಚ್‌ಎಲ್ ಟೌ ನಕ್ಷತ್ರದ ತಟ್ಟೆಯಲ್ಲಿ ಉಂಗುರ ಉಂಗುರವಾದ ಖಾಲಿ ಜಾಗಗಳನ್ನು ತೋರಿಸಿತು, ಅಲ್ಲಿ ಗ್ರಹಗಳು ರೂಪುಗೊಳ್ಳುತ್ತಿರಬಹುದು. ಆ ತಟ್ಟೆಗಳು ಯಾವ ಮನೆ ಟೆಲಿಸ್ಕೋಪಿಗೂ ಕಾಣುವುದಿಲ್ಲ. ಒರಾಯನ್‌ನಲ್ಲಿ ಅವಿರುವ ಮೋಡ ಕಾಣುತ್ತದೆ, ಮತ್ತು ನಮಗೆ ಅದು ಬಾನಂಚಿನಿಂದ 70 ಡಿಗ್ರಿ ಮೇಲೆ ಬರುತ್ತದೆ. ಅಡಕೆ ಮರಗಳ ನಡುವಿನ ಕಿಂಡಿಯಲ್ಲೂ ಸಿಗುತ್ತದೆ.

ನಮ್ಮ ಅಕ್ಷಾಂಶದ ಇನ್ನೊಂದು ಭಾಗ್ಯ ದಕ್ಷಿಣ ಆಕಾಶ. ಯುರೋಪಿನವರಿಗೆ ಕಾಣದ ಕರೈನಾ ನೆಬ್ಯುಲಾ ಇಲ್ಲಿ ಏಪ್ರಿಲ್ ರಾತ್ರಿ ಒಂಬತ್ತೂವರೆ ಹತ್ತರ ಸುಮಾರಿಗೆ ದಕ್ಷಿಣದಲ್ಲಿ 15 ಡಿಗ್ರಿ ಮೇಲೇರುತ್ತದೆ. ಒರಾಯನ್‌ಗಿಂತ ಎಷ್ಟೋ ದೊಡ್ಡ ನಕ್ಷತ್ರಗಳ ತೊಟ್ಟಿಲು. ದಕ್ಷಿಣಕ್ಕೆ ಬೆಟ್ಟ, ದೀಪ ಇಲ್ಲದ ಜಾಗ ಬೇಕು. ಬೇಸಿಗೆಯ ಮಬ್ಬು ಕವಿಯದ ರಾತ್ರಿಯೂ ಬೇಕು.

ಒಂದು ವಿಷಯ ಮೊದಲೇ ಮಕ್ಕಳಿಗೆ ಹೇಳಿಬಿಡಿ. ಚಿತ್ರಗಳಲ್ಲಿ ಕಾಣುವ ಕೆಂಪು, ನೇರಳೆ ಬಣ್ಣ ಕಣ್ಣಿಗೆ ಕಾಣುವುದಿಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸುವುದಿಲ್ಲ. ಬೂದು ಮೋಡ, ಹೆಚ್ಚೆಂದರೆ ಸ್ವಲ್ಪ ಹಸಿರು ಛಾಯೆ. ಇದು ಗೊತ್ತಿಲ್ಲದೆ ನೋಡಿದವರು "ಇಷ್ಟೇನಾ" ಅಂತಾರೆ. ಗೊತ್ತಿದ್ದು ನೋಡಿದವರು ಬೇಗ ಕಣ್ಣು ತೆಗೆಯುವುದಿಲ್ಲ.

ಕಷ್ಟ ಎರಡು. ಮೊದಲನೆಯದು ಭಾರ. 6 ಇಂಚಿನದ್ದೇ 15 ಕಿಲೋ ಸುಮಾರು, ಕೊಳವೆ ನಾಲ್ಕು ಅಡಿ. 8 ಇಂಚಿನದ್ದನ್ನು ದಿನಾ ಹೊರತರಲು ಇಬ್ಬರು ಬೇಕು. ಎರಡನೆಯದು ಕನ್ನಡಿಯ ಅಲ್ಯೂಮಿನಿಯಂ ಲೇಪ. ಕೊಳವೆಯ ಬಾಯಿ ತೆರೆದೇ ಇರುವುದರಿಂದ ಉಪ್ಪುಗಾಳಿ ನೇರ ಒಳಗೆ ಹೋಗುತ್ತದೆ. ಸಮುದ್ರಕ್ಕೆ ತಾಗಿದ ಮನೆಗಳಲ್ಲಿ ಲೇಪ ಬೇಗ ಮಂಕಾಗುತ್ತದೆ, ಹೊಸ ಲೇಪಕ್ಕೆ ಹೊರ ಊರಿಗೆ ಕಳಿಸಬೇಕು. ಹಾಗಾಗಿ ಒಂದೇ ಬಜೆಟ್ಟಿನಲ್ಲಿ ಘಟ್ಟದ ಮೇಲಿನ ಶಾಲೆಗೆ ನಾನು ಡಾಬ್ಸೋನಿಯನ್ ಹೇಳುತ್ತೇನೆ. ತೀರದ ಶಾಲೆಗೆ 80 ಅಥವಾ 90 ಮಿಮೀ ಲೆನ್ಸಿನದ್ದು, ಜೊತೆಗೆ ನಾಲ್ಕು ಬೈನಾಕ್ಯುಲರ್. ಒಬ್ಬ ಟೆಲಿಸ್ಕೋಪಿನಲ್ಲಿ ನೋಡುವಾಗ ಉಳಿದ ಮೂವತ್ತು ಮಕ್ಕಳು ಸುಮ್ನೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ಸ್ಮಾರ್ಟ್ ಟೆಲಿಸ್ಕೋಪ್

50 ಸಾವಿರದ ಆಚೆಗೆ ಈಗ ಇದೊಂದು ಸೇರಿದೆ. ಕಣ್ಣಿಟ್ಟು ನೋಡುವ ಜಾಗವೇ ಇಲ್ಲ. ತಾನೇ ನಕ್ಷತ್ರ ಗುರುತು ಹಿಡಿದು, ನೂರಾರು ಫೋಟೋ ತೆಗೆದು, ಒಂದರ ಮೇಲೊಂದು ಸೇರಿಸಿ ಮೊಬೈಲಿಗೆ ಕಳಿಸುತ್ತದೆ. ಹೈಡ್ರೋಜನ್ ಮೋಡದ ಕೆಂಪು ಬಣ್ಣ ಬೇಕು, ಪೇಟೆಯ ಬೆಳಕಿನಲ್ಲೂ ನೆಬ್ಯುಲಾ ಬೇಕು, ಕಾಲೇಜಿನ ಪರದೆ ಮೇಲೆ ನೂರು ಜನಕ್ಕೆ ತೋರಿಸಬೇಕು ಅಂದರೆ ಇದಕ್ಕೆ ಸಾಟಿ ಇಲ್ಲ. ವಯಸ್ಸಿನಿಂದ ದೃಷ್ಟಿ ಮಂದವಾದವರಿಗೂ ಇದು ವರ. ಆದರೆ ಗುರು, ಶನಿ ಇದರಲ್ಲಿ ಕಡಲೆಕಾಳಿಗಿಂತ ಚಿಕ್ಕದು. ಪೂರ್ತಿ ಎಲೆಕ್ಟ್ರಾನಿಕ್ಸ್ ಆದ್ದರಿಂದ ನಮ್ಮ ತೇವಕ್ಕೆ ಹೆದರಬೇಕು. ಕೆಟ್ಟರೆ ಹತ್ತಿರದಲ್ಲಿ ರಿಪೇರಿ ಇಲ್ಲ. ಶನಿಯ ಉಂಗುರವನ್ನು ಸ್ವಂತ ಕಣ್ಣಲ್ಲಿ ಕಂಡ ಮಗುವಿನ ಮುಖ ನೋಡಿದವನಾಗಿ, ಮೊದಲ ಉಪಕರಣವಾಗಿ ನಾನು ಇದನ್ನು ಹೇಳುವುದಿಲ್ಲ.

ಕೊಂಡ ಮೇಲೆ, ಕೊಳ್ಳುವ ಹೊತ್ತು

ಪಾರ್ಸೆಲ್ ಬಂದ ದಿನವೇ ಹಗಲಿನಲ್ಲಿ ಪರೀಕ್ಷೆ ಮಾಡಿ. ಕಾರವಾರದವರಿಗೆ ದೇವಗಡ ದ್ವೀಪದ ದೀಪಸ್ತಂಭ, ಘಟ್ಟದ ಮೇಲಿನವರಿಗೆ ದೂರದ ಮೊಬೈಲ್ ಟವರ್ ಒಳ್ಳೆಯ ಗುರಿ. ಚಿತ್ರ ಎರಡೆರಡಾಗಿ ಕಂಡರೆ, ಫೋಕಸ್ ಆಗದಿದ್ದರೆ ವಾಪಸ್ ಕಳಿಸುವ ಅವಧಿಯೊಳಗೇ ಕಳಿಸಿ. ರಾತ್ರಿ ನೋಡಿ ಮುಗಿದ ಮೇಲೆ ಇಬ್ಬನಿ ಬಿದ್ದ ಲೆನ್ಸನ್ನು ಒರೆಸಬೇಡಿ. ಮುಚ್ಚಳ ತೆರೆದು ಒಳಗಿಟ್ಟು ಒಣಗಲು ಬಿಡಿ, ಆಮೇಲೆ ಮುಚ್ಚಿ. ಮೇ ಕೊನೆಯಲ್ಲಿ ಹೊಸ ಸಿಲಿಕಾ ಜೆಲ್ ಹಾಕಿ ಡಬ್ಬ ಸೇರಿಸಿ, ಮಳೆಗಾಲದಲ್ಲೂ ತಿಂಗಳಿಗೊಮ್ಮೆ ಜೆಲ್ ಒಣಗಿಸಿ. ಹಳೆಯದು ಕೊಳ್ಳುವುದಾದರೆ ಮುಂದಿನಿಂದ ಟಾರ್ಚ್ ಹಾಕಿ ಹಿಂದಿನಿಂದ ನೋಡಿ. ಜೇಡರಬಲೆಯಂಥ ಎಳೆಗಳು ಕಂಡರೆ ಬೂಸ್ಟು ಬಂದಿದೆ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಯಾವಾಗ ಕೊಳ್ಳಬೇಕು ಎಂಬುದಕ್ಕೂ ಗ್ರಹಗಳ ಲೆಕ್ಕ ನೋಡಿ. ಗುರು ಭೂಮಿಗೆ ಹತ್ತಿರವಾಗಿ ರಾತ್ರಿಯಿಡೀ ಕಾಣುವ ಹೊತ್ತು ವರ್ಷಕ್ಕೆ ಒಂದು ತಿಂಗಳಷ್ಟು ಮುಂದೆ ಹೋಗುತ್ತದೆ. 2026ರಲ್ಲಿ ಜನವರಿ, 2027ರಲ್ಲಿ ಫೆಬ್ರವರಿ, 2028ರಲ್ಲಿ ಮಾರ್ಚ್, 2029ರಲ್ಲಿ ಏಪ್ರಿಲ್. 2031ರ ಹೊತ್ತಿಗೆ ಅದು ಜೂನ್, ಅಂದರೆ ನಮ್ಮ ಮಳೆಗೆ ಸಿಕ್ಕಿಬಿಡುತ್ತದೆ. ಗುರುವಿನ ಉಪಗ್ರಹಗಳೇ ನಿಮ್ಮ ಗುರಿಯಾದರೆ ತಡ ಮಾಡಬೇಡಿ. ಶನಿಗೆ ಅವಸರ ಇಲ್ಲ. ಅದರ ಉಂಗುರ 2025ರಲ್ಲಿ ಅಂಚು ತಿರುಗಿಸಿ ಗೆರೆಯಾಗಿತ್ತು, 2032ರ ಸುಮಾರಿನ ತನಕ ವರ್ಷದಿಂದ ವರ್ಷಕ್ಕೆ ಅಗಲವಾಗಿ ತೆರೆಯುತ್ತಾ ಹೋಗುತ್ತದೆ. 2026ರಿಂದ ಮುಂದೆ ಅದು ಚೆನ್ನಾಗಿ ಕಾಣುವುದು ಅಕ್ಟೋಬರ್‌ನಿಂದಲೇ, ಮಳೆ ಮುಗಿದ ಮೇಲೆ. ಈ ವರ್ಷ ಬೈನಾಕ್ಯುಲರ್ ಕೊಂಡು ಎರಡು ಮೂರು ವರ್ಷ ದುಡ್ಡು ಕೂಡಿಸಿ ಟೆಲಿಸ್ಕೋಪಿಗೆ ಹೋದರೂ ಶನಿ ಇನ್ನೂ ಚೆಂದವಾಗೇ ಸಿಗುತ್ತದೆ.